ಮೇಲಿನ ಗ್ಯಾಲರಿ ಅಲುಗಿದ್ದು ಯಾಕೆ?

ಹೊಳಲ್ಕೆರೆಯ ಶಿಕ್ಷಕಿಯೊಬ್ಬರು ಬರೆದಿದ್ದಾರೆ:

"ಬೇಸಿಗೆ ರಜೆಯಲ್ಲಿ ಹನ್ನೊಂದು ವರ್ಷದ ಮಗನಿಗೆ ಕ್ರಿಕೆಟ್ ಪಂದ್ಯ ತೋರಿಸಲು ಹೋಗಿದ್ದೆ. ಮೇಲಿನ ಗ್ಯಾಲರಿ, ಮುಂದಿನಿಂದ ನಾಲ್ಕನೇ ಸಾಲು. ಸಿಕ್ಸರ್ ಬಿತ್ತು, ಡಿಜೆ ಹಾಡು ಶುರುವಾಯಿತು, ಎಲ್ಲರೂ ಎದ್ದು ಒಟ್ಟಿಗೆ ಕುಣಿಯತೊಡಗಿದರು. ಕಾಲ ಕೆಳಗಿನ ಕಾಂಕ್ರೀಟು ಮೇಲೆ ಕೆಳಗೆ ಆಡಿತು. ಮಗನ ಕೈ ಹಿಡಿದೆಳೆದುಕೊಂಡು ಮೆಟ್ಟಿಲಿಳಿದು ಹೊರಗೆ ಓಡಿಬಂದೆ. ಮನೆಯಲ್ಲಿ ಎಲ್ಲರೂ ಈಗಲೂ ನಗುತ್ತಾರೆ. 'ಅದು ಅಲುಗಲೇಬೇಕು ಅತ್ತಿಗೆ, ಅಲುಗದಿದ್ರೆ ಮುರಿಯುತ್ತೆ' ಅಂತಾನೆ ಮೈದುನ. ಗಟ್ಟಿಯಾಗಿ ಕಟ್ಟಿದ್ದು ಅಲುಗುತ್ತದೆಯೇ? ನಾನು ಹೆದರಿದ್ದು ತಪ್ಪೇ?"

ಕ್ರೀಡಾಂಗಣದ ಹೆಸರನ್ನು ಪತ್ರದಿಂದ ತೆಗೆದಿದ್ದೇನೆ. ಈ ಪ್ರಶ್ನೆ ಎಲ್ಲ ಕ್ರೀಡಾಂಗಣಕ್ಕೂ ಸೇರಿದ್ದು.

ನಮಸ್ಕಾರ ಮೇಡಂ.

ನೀವು ಹೆದರಿದ್ದು ತಪ್ಪಲ್ಲ. ಕಾಲ ಕೆಳಗಿನ ನೆಲ ಆಡಿದರೆ ಯಾರ ಎದೆಯೂ ಝಲ್ಲೆನ್ನುತ್ತದೆ. ನಿಮ್ಮ ಮೈದುನ ಹೇಳಿದ್ದರಲ್ಲಿ ಅರ್ಧ ಸರಿ. ಉಳಿದರ್ಧವನ್ನು ಅವರಿಗೂ ಓದಿ ಹೇಳಿ.

ಮನೆಯ ಕಿಟಕಿಯ ಮೇಲಿನ ಸಜ್ಜ ನೋಡಿ. ಒಂದು ಅಂಚು ಗೋಡೆಯಲ್ಲಿ ಹುದುಗಿದೆ, ಇನ್ನೊಂದು ಬಯಲಿಗೆ ಚಾಚಿದೆ, ಕೆಳಗೆ ಕಂಬವಿಲ್ಲ. ಕ್ರೀಡಾಂಗಣದ ಮೇಲಂತಸ್ತಿನ ಮುಂಭಾಗ ಬಹುಮಟ್ಟಿಗೆ ಇಂಥದ್ದೇ ಭಾರೀ ಸಜ್ಜ. ಅಲ್ಲಿ ಕಂಬ ಕೊಟ್ಟರೆ ಕೆಳಗೆ ಕೂತವರಿಗೆ ಪಿಚ್ಚು ಕಾಣುವುದಿಲ್ಲ. ಅದಕ್ಕೇ ತೊಲೆಗಳನ್ನು ಹಿಂದಿನ ಕಂಬಗಳಿಂದ ಮುಂದಕ್ಕೆ ಚಾಚಿ ನಿಲ್ಲಿಸುತ್ತಾರೆ. ಎಂಜಿನಿಯರುಗಳು ಇದನ್ನು ಕ್ಯಾಂಟಿಲಿವರ್ ಅನ್ನುತ್ತಾರೆ. ಇಂಥ ತೊಲೆಯ ಬುಡ ಆಡುವುದಿಲ್ಲ, ತುದಿ ಆಡುತ್ತದೆ. ನೀವು ಕೂತಿದ್ದ ನಾಲ್ಕನೇ ಸಾಲು ತುದಿಗೆ ಹತ್ತಿರ. ಅದೇ ಹೊತ್ತಿನಲ್ಲಿ ತೀರಾ ಹಿಂದಿನ ಸಾಲಿನಲ್ಲಿ ಕೂತವರಿಗೆ ಏನೂ ಗೊತ್ತಾಗಿರಲಿಕ್ಕಿಲ್ಲ.

ಮನೆ ಕಟ್ಟಿಸುತ್ತಿರುವ ಓದುಗರಿಗಾಗಿ ಇಲ್ಲೇ ಒಂದು ಮಾತು. ಚಾಚಿಕೊಂಡ ತೊಲೆ ಬಾಗುವಾಗ ಅದರ ಮೇಲ್ಮೈ ಹಿಗ್ಗುತ್ತದೆ. ಕಾಂಕ್ರೀಟು ಒತ್ತುವುದನ್ನು ತಡೆಯುತ್ತದೆ, ಎಳೆಯುವುದನ್ನು ತಡೆಯುವುದಿಲ್ಲ. ಆದ್ದರಿಂದ ಸಜ್ಜ, ಬಾಲ್ಕನಿಗಳಲ್ಲಿ ಮುಖ್ಯ ಕಬ್ಬಿಣ ಮೇಲ್ಭಾಗದಲ್ಲೇ ಇರಬೇಕು. ಕಾಂಕ್ರೀಟು ಸುರಿಯುವಾಗ ಕೆಲಸಗಾರರು ಆ ಸರಳುಗಳ ಮೇಲೆ ಓಡಾಡಿ ಕೆಳಕ್ಕೆ ತುಳಿದುಬಿಟ್ಟರೆ ಕಬ್ಬಿಣ ಇದ್ದೂ ಇಲ್ಲದಂತೆ. ಅಂಥ ಸಜ್ಜ ಸೆಂಟ್ರಿಂಗ್ ಬಿಚ್ಚಿದ ದಿನವೇ ಬೀಳಬಹುದು. ಅದು ಅಲುಗಿ ಎಚ್ಚರಿಕೆ ಕೊಡುವುದಿಲ್ಲ. ಕಾಂಕ್ರೀಟು ಹಾಕುವ ದಿನ ಮೇಸ್ತ್ರಿಯ ಪಕ್ಕದಲ್ಲೇ ನಿಂತು ನೋಡಿ.

ಈಗ ಅಲುಗಾಟದ ವಿಷಯ. ಚಿತ್ರದುರ್ಗದ ಕೋಟೆಯೊಳಗಿನ ಉಯ್ಯಾಲೆ ಕಂಬ ನೋಡಿರುತ್ತೀರಿ. ನಾಗರಪಂಚಮಿಗೆ ಜೋಕಾಲಿ ಜೀಕಿಯೂ ಇರುತ್ತೀರಿ. ನಾಲ್ಕು ಮೀಟರ್ ಹಗ್ಗದ ಜೋಕಾಲಿ ಒಮ್ಮೆ ಹೋಗಿ ಬರಲು ಸುಮಾರು ನಾಲ್ಕು ಸೆಕೆಂಡು ಬೇಕು. ಕೂತಿದ್ದು ಮಗುವಾಗಲಿ ದೊಡ್ಡವರಾಗಲಿ, ಆ ಲೆಕ್ಕ ಹೆಚ್ಚುಕಡಿಮೆ ಬದಲಾಗುವುದಿಲ್ಲ. ಅದು ಆ ಜೋಕಾಲಿಯ ಸ್ವಂತ ಲಯ. ಹಿಂದಕ್ಕೆ ಬಂದು ಮುಂದಕ್ಕೆ ಹೊರಡುವ ಗಳಿಗೆಗೆ ಸರಿಯಾಗಿ ಬೆರಳ ತುದಿಯಲ್ಲಿ ತಳ್ಳಿದರೂ ಸಲ ಸಲಕ್ಕೂ ಅದರ ಜೀಕು ದೊಡ್ಡದಾಗುತ್ತ ಹೋಗುತ್ತದೆ. ಲಯ ತಪ್ಪಿ ತಳ್ಳಿದರೆ ಪೈಲ್ವಾನನ ಬಲವೂ ವ್ಯರ್ಥ. ಶಾಲೆಯ ವಿಜ್ಞಾನದ ಪುಸ್ತಕದಲ್ಲಿ ಇದಕ್ಕೆ ಅನುರಣನೆ ಎಂಬ ಹೆಸರಿದೆ.

ಗ್ಯಾಲರಿಯ ತೊಲೆಗೂ ಇಂಥ ಸ್ವಂತ ಲಯವಿದೆ, ಆದರೆ ಬಹಳ ಚುರುಕಿನದು: ಸೆಕೆಂಡಿಗೆ ಮೂರು ಸಲ, ಐದು ಸಲ, ಏಳು ಸಲ ಹೀಗೆ. ತೊಲೆ ಉದ್ದವಾಗಿ ತೆಳುವಾದಷ್ಟೂ ಲಯ ನಿಧಾನ. ಜನರ ಗುಂಪು ಒಟ್ಟಿಗೆ ಕುಣಿಯಬಲ್ಲದ್ದು ಸೆಕೆಂಡಿಗೆ ಒಂದೂವರೆಯಿಂದ ಮೂರು ಸಲದವರೆಗೆ. ನಿಮಿಷಕ್ಕೆ 120 ಬಡಿತದ ಹಾಡು ಹಾಕಿದರೆ ಸೆಕೆಂಡಿಗೆ ಸರಿಯಾಗಿ ಎರಡು. ಕುಣಿತದ ಲಯವೋ, ಅದರ ಎರಡು ಮೂರು ಪಟ್ಟೋ ತೊಲೆಯ ಲಯಕ್ಕೆ ಹೊಂದಿಕೊಂಡರೆ ಗ್ಯಾಲರಿ ಜೋಕಾಲಿಯ ಹಾಗೆ ಜೀಕತೊಡಗುತ್ತದೆ. ತೊಲೆಯ ಲಯ ಸೆಕೆಂಡಿಗೆ 6ಕ್ಕಿಂತ ಹೆಚ್ಚಿದ್ದರೆ ಕುಣಿತದಿಂದ ದೊಡ್ಡ ಚಿಂತೆಯಿಲ್ಲ ಎಂಬುದು ಎಂಜಿನಿಯರುಗಳ ರೂಢಿಯ ಲೆಕ್ಕ. ಆದರೆ ಎಷ್ಟೋ ಕ್ರೀಡಾಂಗಣಗಳು ಜನ ಕೂತು ಚಪ್ಪಾಳೆ ತಟ್ಟುತ್ತಿದ್ದ ಕಾಲದವು. ಡಿಜೆ ಬಂದದ್ದು ಆಮೇಲೆ. ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ: ಅದೇ ಗ್ಯಾಲರಿಯಲ್ಲಿ ಸುಮ್ಮನೆ ಕೂತವರ ಮೈ, ಮೆತ್ತೆಯ ಹಾಗೆ ಅಲುಗಾಟವನ್ನು ಹೀರಿಕೊಳ್ಳುತ್ತದೆ. ಕೂತ ಅಜ್ಜಿಯೊಬ್ಬರು ಕುಣಿಯುವ ಮೊಮ್ಮಗನ ಹೊಡೆತವನ್ನು ಒಂದಿಷ್ಟು ತಗ್ಗಿಸುತ್ತಿರುತ್ತಾರೆ.

ನಿಮಗೆ ಅದು ಒಂದು ಅಡಿ ಎದ್ದು ಇಳಿದಂತೆ ಅನಿಸಿರಬಹುದು. ಲೆಕ್ಕ ಬೇರೆಯೇ ಹೇಳುತ್ತದೆ. ಸೆಕೆಂಡಿಗೆ ಎರಡು ಸಲದ ಆಟದಲ್ಲಿ ಮೂರು ಹಾಳೆ ಕಾಗದದಷ್ಟು, ಅಂದರೆ ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು ನೆಲ ಆಡಿದರೂ ನಮ್ಮ ಮೈಗೆ ತಿಳಿಯುತ್ತದೆ. ಐದು ಮಿಲಿಮೀಟರ್ ಆಡಿದರೆ ಭೂಮಿಯ ಸೆಳೆತದ ನೂರಕ್ಕೆ ಎಂಟು ಪಾಲು ಏರಿಳಿದ ಹಾಗೆ, ಹೊಟ್ಟೆಯೊಳಗೆ ಕಲಕುತ್ತದೆ. ಆದರೆ ಹತ್ತಾರು ಅಡಿ ಚಾಚಿದ ತೊಲೆಗೆ ಐದು ಮಿಲಿಮೀಟರ್ ಬಾಗು ದೊಡ್ಡದಲ್ಲ. ನಮ್ಮ ಮೈ ಬೆಚ್ಚುವುದು ತೊಲೆ ದಣಿಯುವುದಕ್ಕಿಂತ ಎಷ್ಟೋ ಮೊದಲೇ.

ಭಾರದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಜನ ಸೇರುವ, ಕುರ್ಚಿ ನೆಟ್ಟಿರದ ಜಾಗಕ್ಕೆ, ಕಟ್ಟಡ ಹೊರಬೇಕಾದ ಭಾರವನ್ನು ಹೇಳುವ ಭಾರತೀಯ ಮಾನಕ ಐಎಸ್ 875ರ ಎರಡನೇ ಭಾಗದ ಪ್ರಕಾರ, ಚದರ ಮೀಟರಿಗೆ ಸುಮಾರು 500 ಕಿಲೋ ಭಾರ ಹಿಡಿಯಬೇಕು. ಒಂದು ಚದರ ಮೀಟರಿನಲ್ಲಿ ಏಳು ಜನ ಒತ್ತೊತ್ತಾಗಿ ನಿಂತ ಹಾಗೆ. ಕಾಂಕ್ರೀಟಿನ ಮಾನಕ ಐಎಸ್ 456 ಅದರ ಮೇಲೆ ಮತ್ತೆ ಒಂದೂವರೆ ಪಟ್ಟು ಮಾಡಿಸುತ್ತದೆ. ಕುರ್ಚಿ ಸಾಲಿನಲ್ಲಿ ಅಷ್ಟು ಜಾಗಕ್ಕೆ ಇಬ್ಬರು ಮೂವರೇ ಇರುತ್ತಾರೆ. ನೆಗೆದು ಬೀಳುವಾಗ ಒಬ್ಬರ ಭಾರ ಎರಡು ಮೂರು ಪಟ್ಟಾದರೂ, ಸರಿಯಾಗಿ ಕಟ್ಟಿ ಸರಿಯಾಗಿ ನೋಡಿಕೊಂಡ ಗ್ಯಾಲರಿಯಲ್ಲಿ ಇನ್ನೂ ಸಾಕಷ್ಟು ಬಲ ಉಳಿದಿರುತ್ತದೆ.

ದಾವಣಗೆರೆಯವರು ನಮ್ಮೂರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೇಳಿಕೊಂಡು ಬೆಳೆದವರು. ಆ ಅಸಲಿ ಮ್ಯಾಂಚೆಸ್ಟರಿನ ಪಕ್ಕದಲ್ಲೇ, ಬ್ರೌಟನ್ ಎಂಬಲ್ಲಿ, 1831ರಲ್ಲಿ 74 ಸೈನಿಕರು ತೂಗುಸೇತುವೆಯ ಮೇಲೆ ಹೆಜ್ಜೆಗೆ ಹೆಜ್ಜೆ ಹಾಕುತ್ತ ಹೊರಟರು. ಸೇತುವೆ ಲಯಕ್ಕೆ ಕುಣಿಯಿತು, ಅವರು ಖುಷಿಯಾಗಿ ಇನ್ನಷ್ಟು ಜೋರಾಗಿ ಹೆಜ್ಜೆ ಹಾಕಿದರು, ಒಂದು ತುದಿ ಕಳಚಿ ಸುಮಾರು ನಲವತ್ತು ಮಂದಿ ನದಿಗೆ ಬಿದ್ದರು. ಯಾರೂ ಸಾಯಲಿಲ್ಲ. ಪರೀಕ್ಷಿಸಿ ನೋಡಿದಾಗ ಸರಪಳಿ ಹಿಡಿದಿದ್ದ ಒಂದು ಬೋಲ್ಟು ಕಮ್ಮಾರಸಾಲೆಯಲ್ಲೇ ಕೆಟ್ಟಿತ್ತು. ಲಯ ಹೋಗಿ ಆ ಒಂದು ಬೋಲ್ಟನ್ನೇ ಹುಡುಕಿತು. ಸೇತುವೆ ದಾಟುವಾಗ ಸೈನಿಕರು ಹೆಜ್ಜೆ ಮುರಿದು ನಡೆಯುವ ಆಜ್ಞೆ ಬಂದದ್ದು ಆಮೇಲೆ. ಲಂಡನ್ನಿನ ಮಿಲೇನಿಯಂ ಕಾಲುಸೇತುವೆಯ ಕಥೆ ಇದಕ್ಕೆ ತಿರುಗುಮುರುಗು. 2000ದ ಜೂನ್ 10ರಂದು ತೆರೆದ ದಿನವೇ ಅದು ಅಕ್ಕಪಕ್ಕಕ್ಕೆ ತೂಗಿತು, ಎರಡೇ ದಿನಕ್ಕೆ ಮುಚ್ಚಿದರು. ಅದಕ್ಕೆ ಮುರಿಯುವ ಭಯವಿರಲಿಲ್ಲ, ನಡೆಯುವವರು ಮಾತ್ರ ತತ್ತರಿಸಿದ್ದರು. ಅಲುಗಾಟ ತಡೆಯುವ ಸಾಧನ ಜೋಡಿಸಿ 2002ರಲ್ಲಿ ಮತ್ತೆ ತೆರೆದರು, ಇವತ್ತಿಗೂ ಜನ ನಡೆಯುತ್ತಿದ್ದಾರೆ. ನಿಮ್ಮ ಮೈದುನನ ಉಳಿದರ್ಧ ಇದೇ: ಅಲುಗಾಟ ಬಲಹೀನತೆಯ ಗುರುತಲ್ಲ ನಿಜ, ಆದರೆ ಎಲ್ಲೋ ಬಲಹೀನತೆ ಅಡಗಿದ್ದರೆ ಅದನ್ನು ಹೊರಗೆಳೆಯುವುದೂ ಅಲುಗಾಟವೇ.

ಬಿದ್ದದ್ದೂ ಉಂಟು. ಬ್ರೆಜಿಲಿನ ಸಾಲ್ವಡಾರ್ ನಗರದ ಫೊಂಟೆ ನೋವಾ ಕ್ರೀಡಾಂಗಣದಲ್ಲಿ 2007ರ ನವೆಂಬರಿನಲ್ಲಿ ಮೇಲಂತಸ್ತಿನ ಒಂದು ತುಂಡು ಕುಸಿದು ಏಳು ಮಂದಿ ಸತ್ತರು. ದುರಸ್ತಿ ಕಾಣದೆ ತುಕ್ಕು ತಿಂದಿದ್ದ ಕಟ್ಟಡ ಅದು. ನೆದರ್ಲೆಂಡ್ಸಿನ ನೈಮೇಗನ್‌ನಲ್ಲಿ 2021ರ ಅಕ್ಟೋಬರಿನಲ್ಲಿ ಗೆದ್ದ ತಂಡದ ಅಭಿಮಾನಿಗಳು ಕುಣಿಯುತ್ತಿದ್ದಾಗ ಗ್ಯಾಲರಿಯ ಒಂದು ಭಾಗ ಕೆಳಕ್ಕೆ ಜಗ್ಗಿತು. ಯಾರ ಜೀವವೂ ಹೋಗಲಿಲ್ಲ. ಹಾಗಾಗಿ ಕಾಂಕ್ರೀಟಿನ ಮೇಲೆ ತುಕ್ಕಿನ ಕೆಂಪು ಕಲೆ ಇಳಿದಿದ್ದರೆ, ಚಕ್ಕೆ ಎದ್ದು ಸರಳು ಕಾಣುತ್ತಿದ್ದರೆ, ಚಾಚಿದ ಭಾಗದ ಬುಡದಲ್ಲಿ ಮೇಲ್ಗಡೆ ಬಿರುಕು ಬಿಟ್ಟಿದ್ದರೆ, ಜನ ಸುಮ್ಮನಾದ ಮೇಲೂ ಅಲುಗಾಟ ನಿಲ್ಲದಿದ್ದರೆ, ಅಲ್ಲಿ ಕೂರಬೇಡಿ. ಸಿಬ್ಬಂದಿಗೆ ಹೇಳಿ.

ಮೇಡಂ, ನಿಮ್ಮ ಪತ್ರದಲ್ಲಿ ನನ್ನ ಎದೆ ಹಿಡಿದದ್ದು ಬೇರೆ ಸಾಲು: "ಮೆಟ್ಟಿಲಿಳಿದು ಓಡಿಬಂದೆ." ಆ ದಿನ ನೀವಿಬ್ಬರೂ ಅಪಾಯಕ್ಕೆ ಅತಿ ಹತ್ತಿರ ಇದ್ದದ್ದು ಆ ಮೆಟ್ಟಿಲಿನ ಮೇಲೆ. 1971ರ ಜನವರಿ 2ರಂದು ಗ್ಲಾಸ್ಗೋದ ಐಬ್ರಾಕ್ಸ್ ಕ್ರೀಡಾಂಗಣದಲ್ಲಿ 66 ಮಂದಿ ಸತ್ತದ್ದು ಹೊರಹೋಗುವ ಮೆಟ್ಟಿಲಿನಲ್ಲಿ, ಒಬ್ಬರ ಮೇಲೊಬ್ಬರು ಬಿದ್ದು. 2025ರ ಜೂನ್ 4ರಂದು ಬೆಂಗಳೂರಿನಲ್ಲಿ ನಮ್ಮ ಹನ್ನೊಂದು ಮಂದಿ ಹೋದದ್ದು ಕ್ರೀಡಾಂಗಣದ ಹೊರಗೆ, ಗೇಟುಗಳ ಬಳಿಯ ನೂಕುನುಗ್ಗಲಿನಲ್ಲಿ. ಆ ದಿನವನ್ನು ನೆನೆದರೆ ಈಗಲೂ ಕೈ ಬರೆಯಲೊಲ್ಲದು. ಹೆದರಿಕೆಯಾದರೆ ಮಗನನ್ನು ಪಕ್ಕಕ್ಕೆ ಎಳೆದುಕೊಂಡು ಕೂತುಬಿಡಿ. ಹಾಡು ನಿಂತ ಮೇಲೆ ನಿಧಾನವಾಗಿ ಎದ್ದು ಹಿಂದಿನ ಸಾಲಿಗೆ ಹೋಗಿ.

ನಿಜಕ್ಕೂ ಹೆದರಬೇಕಾದ ಅಲುಗಾಟ ನಮ್ಮ ಸುತ್ತಲೇ ಇದೆ: ಜಾತ್ರೆಯ ಕುಸ್ತಿ, ಕಬಡ್ಡಿ ಪಂದ್ಯಗಳಿಗೆ ಎರಡು ದಿನದಲ್ಲಿ ಎದ್ದು ನಿಲ್ಲುವ ಗ್ಯಾಲರಿಗಳು. ತೆಲಂಗಾಣದ ಸೂರ್ಯಾಪೇಟೆಯಲ್ಲಿ 2021ರ ಮಾರ್ಚಿನಲ್ಲಿ ಕಬಡ್ಡಿ ಪಂದ್ಯಾವಳಿಯ ಗ್ಯಾಲರಿ ಕುಸಿದು ನೂರಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಮರುವರ್ಷದ ಮಾರ್ಚಿನಲ್ಲೇ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಫುಟ್‌ಬಾಲ್ ಗ್ಯಾಲರಿ ಬಿತ್ತು. ಫ್ರಾನ್ಸಿನ ಬಾಸ್ಟಿಯಾದಲ್ಲಿ 1992ರಲ್ಲಿ ಪಂದ್ಯಕ್ಕೆಂದು ಅವಸರದಲ್ಲಿ ಎಬ್ಬಿಸಿದ ಗ್ಯಾಲರಿ ಕುಸಿದು ಕನಿಷ್ಠ ಹದಿನೆಂಟು ಜೀವ ತೆಗೆದುಕೊಂಡಿತು.

ನಾನು ಒಂಬತ್ತು ವರ್ಷದವನಿದ್ದಾಗ ಒಂದು ಹಳ್ಳಿಯ ಕುಸ್ತಿ ನೋಡಲು ಅಪ್ಪನ ಜೊತೆ ಸರ್ವೆ ಕಂಬದ ಗ್ಯಾಲರಿ ಹತ್ತಿದ್ದೆ. ಹಿಂದಿನ ರಾತ್ರಿ ಮಳೆಯಾಗಿತ್ತು. ಜೋಡಿ ಚಿತ್ತಾದಾಗ ಜನ ಎದ್ದರು, ಗ್ಯಾಲರಿ ಮೇಲೆ ಕೆಳಗೆ ಆಡಲಿಲ್ಲ, ಎಡಕ್ಕೆ ವಾಲಿತು, ವಾಲಿದ್ದು ಮರಳಿ ಬರಲಿಲ್ಲ. ಅಪ್ಪ ನನ್ನನ್ನು ತೋಳಿನಡಿ ಹಿಡಿದು ಹಿಂದಿನಿಂದ ಕೆಳಗಿಳಿಸಿದರು. ಅರ್ಧ ಗಂಟೆಗೆ ಅದು ಕುಳಿತುಕೊಂಡಿತು. ಇಬ್ಬರ ಕಾಲು ಮುರಿಯಿತು. ಎಷ್ಟೋ ವರ್ಷದ ಮೇಲೆ ನನಗೆ ಕಾರಣ ಅರ್ಥವಾಯಿತು. ನಮ್ಮದು ಎರೆಮಣ್ಣು, ನೀರು ಕುಡಿದರೆ ಬೆಣ್ಣೆ. ಕಂಬದ ಕೆಳಗೆ ಹಲಗೆ ಇಟ್ಟಿರಲಿಲ್ಲ. ಓರೆ ಕಟ್ಟುಗಳನ್ನೂ ಕಟ್ಟಿರಲಿಲ್ಲ. ಹೊರಸಿನ ಕೀಲು ಸಡಿಲವಾದರೆ ಚೌಕ ಹೇಗೆ ಒಂದೇ ಕಡೆ ವಾಲುತ್ತದೋ ಹಾಗೆ. ಅದೇ ಚೌಕಕ್ಕೆ ಮೂಲೆಯಿಂದ ಮೂಲೆಗೆ ಒಂದು ಓರೆ ಬೊಂಬು ಬಿಗಿದರೆ ಎರಡು ತ್ರಿಕೋನವಾಗುತ್ತದೆ, ತ್ರಿಕೋನ ವಾಲುವುದಿಲ್ಲ.

ಆದ್ದರಿಂದ ಜಾತ್ರೆಯ ಗ್ಯಾಲರಿ ಹತ್ತುವ ಮುಂಚೆ ಒಮ್ಮೆ ಅದರ ಹಿಂದಕ್ಕೆ ಹೋಗಿ ಬಗ್ಗಿ ನೋಡಿ. ಕಂಬದ ಬುಡದಲ್ಲಿ ಹಲಗೆ ಇದೆಯೇ, ಓರೆ ಕಟ್ಟು ಇದೆಯೇ, ಎಂಜಿನಿಯರೊಬ್ಬರು ನೋಡಿ ಸಹಿ ಹಾಕಿದ್ದಾರೆಯೇ ಎಂದು ಸಮಿತಿಯವರನ್ನು ಕೇಳಿ. ಕೇಳಿದರೆ ಯಾರೂ ತಪ್ಪು ತಿಳಿಯಬಾರದು. ತಿಳಿದರೂ ಪರವಾಗಿಲ್ಲ.

ಮಗನನ್ನು ಮತ್ತೊಮ್ಮೆ ಪಂದ್ಯಕ್ಕೆ ಕರೆದುಕೊಂಡು ಹೋಗಿ, ಬೇಕಾದರೆ ಅದೇ ಮೇಲಿನ ಗ್ಯಾಲರಿಗೆ. ಕುಣಿತ ಶುರುವಾದಾಗ ಕುರ್ಚಿಯ ಮೇಲೆ ಅಂಗೈ ಊರಿ, ಹತ್ತು ಸೆಕೆಂಡಿಗೆ ಎಷ್ಟು ಸಲ ಆಡಿತು ಎಂದು ಅವನು ಎಣಿಸಲಿ. ಜನ ಕೂತ ಮೇಲೆ ಎಷ್ಟು ಬೇಗ ನಿಂತಿತು ಎಂದೂ ನೋಡಲಿ. ಅವನ ಲೆಕ್ಕವನ್ನು ಅವನದೇ ಕೈಬರಹದಲ್ಲಿ ನಮಗೆ ಕಳಿಸಿ, ಪ್ರಕಟಿಸುತ್ತೇನೆ.

— ಸಂಪಾದಕ, ದಾವಣಗೆರೆ