ಮಂಗಳೂರಲ್ಲಿ ಸೆಕೆಂಡ್ ಹ್ಯಾಂಡ್ ಬೈಕ್ ತಗೊಳ್ಳುವ ಮೊದಲು, ಅದರ ಮೇಲೆ ಟ್ರಾಫಿಕ್ ಕೇಸ್ ಕೋರ್ಟಿನಲ್ಲಿ ಇದೆಯಾ ಎಂದು ನೋಡುವುದು ಹೇಗೆ?

ಮೊದಲು ದಂಡ ಬಾಕಿ ಇದೆಯಾ ನೋಡಿ. ಸರ್ಕಾರದ ಸಾರಿಗೆ ವೆಬ್‌ಸೈಟ್ ಪರಿವಾಹನ್‌ನ ಇ-ಚಲನ್ ಪುಟದಲ್ಲಿ ಗಾಡಿ ನಂಬರ್ ಜೊತೆ ಚಾಸಿಸ್ ಅಥವಾ ಎಂಜಿನ್ ನಂಬರಿನ ಕೊನೆಯ 5 ಅಂಕಿ ಹಾಕಬೇಕು. ಆರ್‌ಸಿ ಕೈಯಲ್ಲಿ ಇಟ್ಟುಕೊಂಡೇ ಕೂತುಕೊಳ್ಳಿ.

ಚಲನ್ ವರ್ಚುವಲ್ ಕೋರ್ಟಿಗೆ, ಅಂದರೆ ಆನ್‌ಲೈನಿನಲ್ಲೇ ಕೇಸು ನಡೆಸುವ ಕೋರ್ಟಿಗೆ ಹೋಗಿದ್ದರೆ, ಅದರ ವೆಬ್‌ಸೈಟಿನಲ್ಲಿ ಕರ್ನಾಟಕ ಆಯ್ದು ಗಾಡಿ ನಂಬರಿನಿಂದಲೇ ಹುಡುಕಬಹುದು.

ಜನ ಎಡವುವುದು ಮಾಮೂಲಿ ಕೋರ್ಟಿನ ಕೇಸುಗಳಲ್ಲಿ. ಕುಡಿದು ಓಡಿಸಿದ್ದು, ಅಪಘಾತ ಮಾಡಿದ್ದು ಇಂಥವು ಇ-ಕೋರ್ಟ್ಸ್ ಆ್ಯಪಿನಲ್ಲಿ ಸಿಗುತ್ತವೆ, ಆದರೆ ಅಲ್ಲಿ ಗಾಡಿ ನಂಬರ್ ಹಾಕಿ ಹುಡುಕಲು ಆಗುವುದಿಲ್ಲ. ಪ್ರತಿ ಕೇಸಿಗೂ ಬೇರೆ ಬೇರೆಯಾಗಿ ಇರುವ 16 ಅಕ್ಷರದ ಸಿಎನ್‌ಆರ್ ನಂಬರ್ ಬೇಕು. ಇಲ್ಲವೆಂದರೆ ಮಾಲೀಕನ ಹೆಸರು, ಅಥವಾ ಠಾಣೆ, ಎಫ್‌ಐಆರ್ ನಂಬರ್, ವರ್ಷ. ಹೆಸರಿನ ಇಂಗ್ಲಿಷ್ ಸ್ಪೆಲಿಂಗ್ ಎರಡು ಮೂರು ಥರ ಹಾಕಿ ನೋಡಿ. ನಮ್ಮೂರಿನಲ್ಲಿ ಒಂದೇ ಹೆಸರಿನ ಶೆಟ್ಟರು ಎಷ್ಟು ಜನ ಅಲ್ವಾ? ಹಾಗಾಗಿ ತಂದೆಯ ಹೆಸರು, ಠಾಣೆ ತಾಳೆ ನೋಡದೆ ಸುಮ್ನೆ ಯಾರನ್ನೂ ಅನುಮಾನಿಸಬೇಡಿ. ಬಾಕಿ ಇರುವ ಕೇಸು ಮಾತ್ರವಲ್ಲ, ಮುಗಿದದ್ದನ್ನೂ ನೋಡಿ.

ಹೆಸರು ಅಥವಾ ಎಫ್‌ಐಆರ್‌ನಿಂದ ಹುಡುಕುವಾಗ ಆಯ್ದ ಜಿಲ್ಲೆ ತಪ್ಪಿದರೆ ಆ ಕೇಸು ಸಿಗುವುದಿಲ್ಲ. ಹೈವೇ 66ರಲ್ಲಿ ಮೂಲ್ಕಿ ದಾಟಿ ಹೆಜಮಾಡಿ ಬಂತೆಂದರೆ ಅದು ಉಡುಪಿ ಜಿಲ್ಲೆ. ಅಲ್ಲಿ ಹಿಡಿದಿದ್ದರೆ ದಕ್ಷಿಣ ಕನ್ನಡದಲ್ಲಿ ಎಷ್ಟು ಹುಡುಕಿದರೂ ಪ್ರಯೋಜನವಿಲ್ಲ.

ಸಹಿ, ಮುದ್ರೆ ಇರುವ ಆದೇಶದ ಪ್ರತಿ ಬೇಕಿದ್ದರೆ ಮಾತ್ರ ಕೋರ್ಟಿಗೆ ಹೋಗಿ, ನಕಲು ವಿಭಾಗದಲ್ಲಿ ಅರ್ಜಿ ಕೊಡಬೇಕು.