ಗಂಗಿಯ ವಯಸ್ಸು ಮುಚ್ಚಿಡಬೇಡಿ

ಬಾಗಲಕೋಟೆಯ ನವನಗರದಿಂದ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಮುಖ್ಯ ಭಾಗ ಇದು:

"ಊರ ಹೊರಗಿನ ಪ್ರಾಣಿಗಳ ಶೆಲ್ಟರ್‌ಗೆ ನಾನು ಬಿಡುವಿದ್ದಾಗ ಸೇವೆಗೆ ಹೋಗುತ್ತೇನೆ. ಅಲ್ಲಿ ಗಂಗಿ ಅಂತ ಒಂದು ಹೆಣ್ಣು ಬೆಕ್ಕಿದೆ. ಮೂರು ಬಣ್ಣದ್ದು, 11 ವರ್ಷ. ಸಾಕಿದ್ದ ಅಜ್ಜಿ ತೀರಿಕೊಂಡ ಮೇಲೆ ಅವರ ಮಕ್ಕಳು ತಂದು ಬಿಟ್ಟು ಹೋದರು. ಜೊತೆಗೆ ಅಜ್ಜಿಯ ಹಳೇ ಕೌದಿಯನ್ನೂ ಕೊಟ್ಟರು. ಗಂಗಿ ಅದರ ಮೇಲಿಂದ ಏಳುವುದೇ ಕಡಿಮೆ. ಬಂದವರೆಲ್ಲ ಮರಿ ಕೇಳುತ್ತಾರೆ. ಇದರ ವಯಸ್ಸು ಹೇಳಿದ ಕೂಡಲೇ ಮುಂದಿನ ಗೂಡಿಗೆ ಹೋಗುತ್ತಾರೆ. ಐದಾರು ವರ್ಷ ಅಂತ ಹೇಳಿಬಿಡೋಣ ಅಂತಾರೆ ನಮ್ಮಲ್ಲಿ ಒಬ್ಬರು. ಹಾಗೆ ಹೇಳಬಹುದಾ? ಇಲ್ಲಾ, ಈ ವಯಸ್ಸಲ್ಲಿ ಅದನ್ನು ಮತ್ತೆ ಎಬ್ಬಿಸಿ ಬೇರೆ ಮನೆಗೆ ಕಳಿಸುವುದೇ ತಪ್ಪಾ? ಆ ಮಕ್ಕಳ ಮೇಲೆ ನನಗೆ ಬಹಳ ಸಿಟ್ಟಿದೆ."

ಅಕ್ಕಾವರೆ, ನಮಸ್ಕಾರ.

ಎರಡನೇ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ನಿಮ್ಮನ್ನು ಜಾಸ್ತಿ ಕಾಡುತ್ತಿರುವುದು ಅದೇ ಅನಿಸುತ್ತದೆ. ಗಂಗಿಯನ್ನು ಕಳಿಸುವುದು ತಪ್ಪಲ್ಲ. ಕಳಿಸಿ. ಬೆಕ್ಕು ಜನರಿಗಿಂತ ಜಾಗವನ್ನು ಹಚ್ಚಿಕೊಳ್ಳುತ್ತದೆ ಅನ್ನುತ್ತಾರೆ. ಅದರಲ್ಲಿ ಸ್ವಲ್ಪ ನಿಜ ಇದೆ. ಆದರೆ ಶೆಲ್ಟರ್ ಅದಕ್ಕೆ ತನ್ನ ಜಾಗ ಅನಿಸುವುದು ಕಷ್ಟ. ಪಕ್ಕದಲ್ಲಿ ನಾಯಿಗಳ ಬೊಗಳಾಟ, ಎಡಕ್ಕೂ ಬಲಕ್ಕೂ ಪರಿಚಯ ಇಲ್ಲದ ಬೆಕ್ಕುಗಳ ವಾಸನೆ, ಬಂದು ಹೋಗುವ ಹೊಸ ಹೊಸ ಮುಖಗಳು. ನೀವೆಲ್ಲ ಎಷ್ಟೇ ಪ್ರೀತಿಯಿಂದ ನೋಡಿಕೊಂಡರೂ ಇಂಥ ಕಡೆ ಬೆಕ್ಕು ಗಾಬರಿಯಲ್ಲೇ ದಿನ ಕಳೆಯುತ್ತದೆ. ಗಾಬರಿ ಹೆಚ್ಚಿದರೆ ರೋಗ ತಡೆಯುವ ಶಕ್ತಿ ಕುಗ್ಗುತ್ತದೆ. ಎಂದೋ ಮೈಯೊಳಗೆ ಸೇರಿ ಸುಮ್ಮನಿದ್ದ ಹರ್ಪಿಸ್ ವೈರಸ್ ಎದ್ದು, ಸೀನು ಶುರುವಾಗುತ್ತದೆ, ಕಣ್ಣಲ್ಲಿ ನೀರು ಸುರಿಯುತ್ತದೆ. ಮೂಗು ಕಟ್ಟಿದರೆ ವಾಸನೆ ತಿಳಿಯುವುದಿಲ್ಲ. ವಾಸನೆ ತಿಳಿಯದಿದ್ದರೆ ಬೆಕ್ಕು ತಿನ್ನುವುದಿಲ್ಲ. ಈ ವಯಸ್ಸಿಗೆ ಅದು ಸಣ್ಣ ವಿಷಯ ಅಲ್ಲ.

ಕೌದಿ ಮೇಲಿಂದ ಏಳುವುದೇ ಕಡಿಮೆ ಅಂತ ಬರೆದಿದ್ದೀರಿ. ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹೆದರಿ ಹಾಗೆ ಮಲಗಿರಬಹುದು. ಸೊಂಟ, ಮೊಣಕಾಲಿನ ಸಂದು ನೋಯುತ್ತಿರಲೂಬಹುದು. ವಯಸ್ಸಾದ ಬೆಕ್ಕುಗಳಲ್ಲಿ ಸಂದುನೋವು ಬಹಳ ಸಾಮಾನ್ಯ. ಆದರೆ ಎಷ್ಟೋ ಬೆಕ್ಕುಗಳು ಕುಂಟುವುದಿಲ್ಲ, ಕೂಗುವುದೂ ಇಲ್ಲ. ಎತ್ತರಕ್ಕೆ ಹಾರುವುದನ್ನು ಬಿಡುತ್ತವೆ, ಮೈ ನೆಕ್ಕಿಕೊಳ್ಳುವುದನ್ನು ಕಡಿಮೆ ಮಾಡುತ್ತವೆ, ಅಷ್ಟೇ. ಅದಕ್ಕೇ ಮನೆ ಹುಡುಕುವ ಮೊದಲು ಪಶುವೈದ್ಯರ ಹತ್ತಿರ ಒಯ್ಯಿರಿ. ಹಲ್ಲು, ವಸಡು ನೋಡಲಿ. ತೂಕ ಬರೆಯಲಿ. ರಕ್ತ ಮತ್ತು ಮೂತ್ರ ಪರೀಕ್ಷೆ ಆಗಲಿ. ಮುಪ್ಪಿನಲ್ಲಿ ಬೆಕ್ಕುಗಳನ್ನು ಹೆಚ್ಚಾಗಿ ಹಿಡಿಯುವುದು ಮೂತ್ರಪಿಂಡದ ಕಾಯಿಲೆ. ನೀರು ಜಾಸ್ತಿ ಕುಡಿಯುವುದು, ಮಲಮೂತ್ರಕ್ಕೆ ಇಟ್ಟ ಉಸುಕಿನ ಟ್ರೇ ಬೇಗ ಒದ್ದೆಯಾಗುವುದು ಅದರ ಮೊದಲ ಸುಳಿವು. ಚೆನ್ನಾಗಿ ತಿಂದರೂ ತೂಕ ಇಳಿಯುತ್ತಿದ್ದರೆ ಥೈರಾಯ್ಡ್ ಅಥವಾ ಸಕ್ಕರೆ ಕಾಯಿಲೆ ಇರಬಹುದು. ಬೇಗ ಗೊತ್ತಾದರೆ ಇವನ್ನು ನಿಭಾಯಿಸಿಕೊಂಡು ಹೋಗಬಹುದು. ರೇಬೀಸ್ ಲಸಿಕೆ, ಬೆಕ್ಕಿನ ಮೂರು ವೈರಸ್ ರೋಗಗಳಿಗೆ ಹಾಕುವ ಟ್ರೈಕ್ಯಾಟ್ ಲಸಿಕೆ ಯಾವಾಗ ಹಾಕಿಸಿದ್ದು, ಸಂತಾನಹರಣ ಆಪರೇಷನ್ ಆಗಿದೆಯೋ ಇಲ್ಲವೋ, ಇದೂ ಒಂದು ಹಾಳೆಯಲ್ಲಿರಲಿ.

ಈಗ ವಯಸ್ಸಿನ ಮಾತು. ಸುಳ್ಳು ಹೇಳಬೇಡಿ. ಐದಾರು ವರ್ಷ ಅಂತ ನಂಬಿ ಒಯ್ದವರು ಮುಂದೆ ಲಸಿಕೆಗೆ ವೈದ್ಯರ ಹತ್ತಿರ ಹೋಗುತ್ತಾರೆ. ವೈದ್ಯರು ಹಲ್ಲು, ಕಣ್ಣು ನೋಡಿದರೆ ಅಂದಾಜು ಸಿಕ್ಕಿಬಿಡುತ್ತದೆ. ಗಂಗಿ ವಾಪಸ್ ಬರುತ್ತದೆ. ಶೆಲ್ಟರ್‌ನವರ ಮಾತನ್ನು ಆಮೇಲೆ ಊರಲ್ಲಿ ಯಾರು ನಂಬುತ್ತಾರೆ? ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಬಾಗಲಕೋಟೆಯ ಬೇಸಿಗೆ ನಿಮಗೆ ಹೇಳಬೇಕಿಲ್ಲ, 40 ಡಿಗ್ರಿ ನಮಗೆ ಮಾಮೂಲು. ಐದು ವರ್ಷದ ಬೆಕ್ಕು ಅಂತ ತಿಳಿದವರು ಅದು ಬಟ್ಟಲುಗಟ್ಟಲೆ ನೀರು ಕುಡಿದರೆ ಬಿಸಿಲಿಗೆ ಅಂದುಕೊಂಡು ಸುಮ್ನಿರುತ್ತಾರೆ. ಹನ್ನೊಂದು ಅಂತ ಗೊತ್ತಿದ್ದವರು ಮೂತ್ರಪಿಂಡ ಪರೀಕ್ಷೆ ಮಾಡಿಸುತ್ತಾರೆ. ನೀವು ಕಡಿಮೆ ಮಾಡಿ ಹೇಳಿದ ಐದಾರು ವರ್ಷಕ್ಕೆ ಗಂಗಿಯೇ ಬೆಲೆ ಕೊಡಬೇಕಾಗುತ್ತದೆ.

ನನ್ನ ಕೇಳಿದರೆ, ವಯಸ್ಸನ್ನು ಮೊದಲ ಸಾಲಿನಲ್ಲೇ ಬರೆಯಿರಿ. ಗಂಗಿಯಂಥ ಬೆಕ್ಕು ಹೊಂದುವ ಮನೆಗಳು ಊರಲ್ಲಿ ಬೇಕಾದಷ್ಟಿವೆ. ಆ ಮನೆಯವರು ಶೆಲ್ಟರ್‌ಗೆ ಬರುತ್ತಿಲ್ಲ, ಅಷ್ಟೇ. ಮಕ್ಕಳು ಬೆಂಗಳೂರು, ಪುಣೆ ಅಂತ ಹೋದ ಮೇಲೆ ಇಬ್ಬರೇ ಉಳಿದ ನಿವೃತ್ತ ಮಾಸ್ತರ ಮನೆ. ಹಗಲೆಲ್ಲ ಹೊಲಿಗೆ ಯಂತ್ರದ ಮುಂದೆ ಕೂತಿರುವ ಹೆಣ್ಣುಮಗಳ ಮನೆ. ಬ್ಯಾಂಕಿನಿಂದ ಸಂಜೆ ಬಂದು ಬಾಗಿಲು ತೆಗೆದರೆ ಒಳಗೆ ಯಾರೂ ಇಲ್ಲದ ಮನೆ. ಇವರಿಗೆ ಮರಿ ಸಾಕುವುದು ಕಷ್ಟ. ಮರಿ ಪರದೆ ಹತ್ತುತ್ತದೆ, ನಡುರಾತ್ರಿ ಓಡಾಡುತ್ತದೆ, ನಡೆಯುವಾಗ ಕಾಲಿಗೆ ಸಿಗುತ್ತದೆ. ಎಪ್ಪತ್ತು ದಾಟಿದವರು ಹಾಗೆ ಎಡವಿ ಬಿದ್ದರೆ ಏನು ಗತಿ? ಮರಿ ದೊಡ್ಡದಾದ ಮೇಲೆ ಅದರ ಸ್ವಭಾವ ಹೇಗಿರುತ್ತದೋ ಯಾರೂ ಹೇಳಲಾರರು. ಗಂಗಿಯ ಸ್ವಭಾವ ನಿಮಗೆ ಈಗಲೇ ಗೊತ್ತಿದೆ.

ಇನ್ನೊಂದು ವಿಷಯ, ಇದನ್ನು ಹೇಳಲು ಜನ ಮುಜುಗರ ಪಡುತ್ತಾರೆ. ಮನೆಯೊಳಗೇ ಬೆಳೆದ ಬೆಕ್ಕು 15 ವರ್ಷ ಬದುಕುವುದು ವಿಶೇಷವೇನಲ್ಲ. 18 ಮುಟ್ಟುವವೂ ಇವೆ. 72 ವರ್ಷದ ಅಜ್ಜ ಮರಿ ತರಲು ಹಿಂಜರಿದರೆ ಅದು ಅವರ ಒಳ್ಳೆಯತನ. ಗಂಗಿಯ ಮುಂದೆ ಇರುವುದು ನಾಲ್ಕೋ ಐದೋ ವರ್ಷ, ಚೆನ್ನಾಗಿ ನೋಡಿಕೊಂಡರೆ ಇನ್ನೂ ಜಾಸ್ತಿ. ಆ ಅಜ್ಜನಿಗೆ ಈ ಲೆಕ್ಕ ಹೊಂದುತ್ತದೆ.

ಆದರೂ ಅವರು ಕೇಳುವ ಮೊದಲ ಮಾತು ಯಾವುದು ಹೇಳಿ? "ನಾಳೆ ನಮಗೇನಾದ್ರೂ ಆದ್ರ ಇದನ್ನ ಯಾರು ನೋಡ್ತಾರ?" ಗಂಗಿಗೆ ಆಗಿದ್ದೂ ಅದೇ ಅಲ್ವಾ. ಈ ಪ್ರಶ್ನೆಗೆ ಶೆಲ್ಟರ್ ಬರಹದಲ್ಲಿ ಉತ್ತರ ಕೊಡಬೇಕು. ಒಂದು ಹಾಳೆ ಸಾಕು. ಯಾವ ಕಾರಣಕ್ಕಾದರೂ, ಯಾವಾಗಲಾದರೂ, ಬೆಕ್ಕನ್ನು ನಾವು ಮರಳಿ ತೆಗೆದುಕೊಳ್ಳುತ್ತೇವೆ ಅಂತ ಬರೆದು ಸಹಿ ಹಾಕಿ ಕೊಡಿ. ಅವರ ಮಗನಿಗೋ ನೆರೆಯವರಿಗೋ ಅದರ ಒಂದು ಪ್ರತಿ ಇರಲಿ. ಪತ್ರದಲ್ಲಿ ನೀವು ಕೇಳಿದ ಎಲ್ಲಕ್ಕಿಂತ ಇದು ಮುಖ್ಯ ಅಂತ ನಾನು ನಂಬುತ್ತೇನೆ. ಮುದಿ ಬೆಕ್ಕು ಬೇಡ ಅನ್ನುವವರಲ್ಲಿ ಎಷ್ಟೋ ಜನರಿಗೆ ಬೆಕ್ಕಿನ ಮೇಲೆ ಬೇಸರ ಇಲ್ಲ. ಮುಂದೇನು ಅನ್ನುವ ಹೆದರಿಕೆ ಇದೆ, ಆಸ್ಪತ್ರೆ ಖರ್ಚಿನ ಹೆದರಿಕೆ ಇದೆ.

ಖರ್ಚಿಗೂ ದಾರಿ ಇದೆ. ಬೆಕ್ಕು ಶೆಲ್ಟರ್ ಹೆಸರಲ್ಲೇ ಇರಲಿ, ಇರುವುದು ಮಾತ್ರ ಅವರ ಮನೆಯಲ್ಲಿ. ಊಟ ಅವರದು, ಔಷಧಿ ಮತ್ತು ಪರೀಕ್ಷೆ ಶೆಲ್ಟರ್‌ನದು. ಮನೆಯಲ್ಲಿ ಬೆಕ್ಕು ಇಟ್ಟುಕೊಳ್ಳಲು ಆಗದವರು ತಿಂಗಳಿಗೆ ಇಷ್ಟು ಅಂತ ಹಣ ಕೊಡಲು ಮುಂದೆ ಬರುತ್ತಾರೆ. ಒಂದು ಬೆಕ್ಕಿನ ಹೆಸರು ಹೇಳಿ ಕೇಳಿದರೆ ಇಲ್ಲ ಅನ್ನುವವರು ಕಡಿಮೆ.

ಊಟದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ನಮ್ಮ ಕಡೆ ಸಸ್ಯಾಹಾರಿ ಮನೆಗಳು ಬಹಳ. ಹಿಂದೆ ಬೆಕ್ಕಿಗೆ ಹಾಲು ರೊಟ್ಟಿ ಹಾಕಿದರೆ ಆಯಿತು. ಅದು ಬದುಕುತ್ತಿದ್ದದ್ದು ಬರೀ ಹಾಲು ರೊಟ್ಟಿಯಿಂದ ಅಲ್ಲ. ಕಣಜದ ಇಲಿ, ಹಿತ್ತಲಿನ ಹಲ್ಲಿ, ಗುಬ್ಬಿ ಹಿಡಿದು ಹೊಟ್ಟೆ ತುಂಬಿಸಿಕೊಳ್ಳುತ್ತಿತ್ತು. ಬೆಕ್ಕಿಗೆ ಟಾರಿನ್ ಅನ್ನುವ ಪೋಷಕಾಂಶ ಬೇಕೇ ಬೇಕು. ಅದರ ಮೈ ಅದನ್ನು ಸಾಕಷ್ಟು ತಯಾರಿಸಿಕೊಳ್ಳಲಾರದು. ಟಾರಿನ್ ಸಿಗುವುದು ಮಾಂಸ, ಮೀನಿನಲ್ಲಿ. ಜೋಳದಲ್ಲಿ ಇಲ್ಲ. ಬಹಳ ದಿನ ಸಿಗದಿದ್ದರೆ ಕಣ್ಣು ಹೋಗುತ್ತದೆ, ಹೃದಯ ದುರ್ಬಲವಾಗುತ್ತದೆ. ಎಷ್ಟೋ ದೊಡ್ಡ ಬೆಕ್ಕುಗಳಿಗೆ ಹಾಲು ಅರಗುವುದೂ ಇಲ್ಲ, ಭೇದಿಯಾಗುತ್ತದೆ. ಮನೆಯೊಳಗೆ ಕೂರುವ ಗಂಗಿ ಬೇಟೆಯಾಡುವುದಿಲ್ಲ. ಹಾಗಾಗಿ ಅದಕ್ಕೆ ಬೆಕ್ಕಿನ ಆಹಾರದ ಪ್ಯಾಕೆಟ್ ಬೇಕು. ಅಡುಗೆಮನೆಗೆ ತರಲು ಮನಸ್ಸು ಒಪ್ಪದಿದ್ದರೆ ಹಿತ್ತಲ ಬಾಗಿಲ ಹತ್ತಿರ ಬೇರೆ ತಟ್ಟೆ ಇಡಬಹುದು. ಇದಕ್ಕೆ ಒಪ್ಪುವ ಸಸ್ಯಾಹಾರಿ ಮನೆ ಗಂಗಿಗೆ ಒಳ್ಳೆಯ ಮನೆಯೇ. ಒಪ್ಪದ ಮನೆಯವರು ಎಷ್ಟೇ ಒಳ್ಳೆಯವರಿರಲಿ, ಅಲ್ಲಿಗೆ ಕಳಿಸಬೇಡಿ.

"ಇಲಿ ಹಿಡೀತದೇನ್ರಿ?" ಅಂತ ಕೇಳುವವರಿಗೂ ಬೇಡ. ಆ ಕೆಲಸದ ವಯಸ್ಸು ಗಂಗಿಗೆ ದಾಟಿದೆ. ಇಲಿ ಪಾಷಾಣ ಇಡುವ ಮನೆಯಂತೂ ಬೇಡವೇ ಬೇಡ, ಪಾಷಾಣ ತಿಂದ ಇಲಿಯನ್ನು ಬೆಕ್ಕು ತಿಂದರೆ ಅದರ ಜೀವಕ್ಕೂ ಅಪಾಯ. ಮಹಡಿ ಮನೆಯಾದರೆ ಕಿಟಕಿ, ಬಾಲ್ಕನಿಗೆ ಜಾಲರಿ ಇದೆಯಾ ನೋಡಿ. ಬಾಡಿಗೆ ಮನೆಯಾದರೆ ಮಾಲೀಕರಿಗೆ ಹೇಳಿದ್ದಾರಾ ಕೇಳಿ. ಬಸುರಿ ಹೆಣ್ಣುಮಗಳಿರುವ ಮನೆಯಲ್ಲಿ ಬೆಕ್ಕು ಇರಲೇಬಾರದು ಅನ್ನುವುದು ಸರಿಯಲ್ಲ. ಟ್ರೇ ತೆಗೆಯುವ ಕೆಲಸ ಬೇರೆಯವರು ಮಾಡಬೇಕು, ಅದೂ ದಿನಾ ಮಾಡಬೇಕು. ಟಾಕ್ಸೊಪ್ಲಾಸ್ಮಾ ಅನ್ನುವ ಪರಾವಲಂಬಿ ಜೀವಿ ಬೆಕ್ಕಿನ ಮಲದಲ್ಲಿದ್ದರೂ, ಅದು ಸೋಂಕು ಹಚ್ಚುವ ಹಂತಕ್ಕೆ ಬರಲು ಒಂದು ದಿನವಾದರೂ ಬೇಕು.

ಒಯ್ಯುವವರಿಗೆ ಇನ್ನೊಂದು ಮಾತು ಒತ್ತಿ ಹೇಳಿ. ಮೈ ಬಿಸಿ ಇದೆ ಅಂತ ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಡಬಾರದು. ಒಂದೇ ಗುಳಿಗೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು. ನಾಯಿಯ ಮೈಮೇಲಿನ ಉಣ್ಣಿ ಹುಳಕ್ಕೆ ಹಾಕುವ ಔಷಧಿಯನ್ನೂ ಇದಕ್ಕೆ ಹಾಕಬಾರದು.

ಕಳಿಸುವ ದಿನ ನೋಡಿ ಕಳಿಸಿ. ಹೋಳಿ ಹತ್ತಿರ ಇದ್ದರೆ ಅದು ಮುಗಿಯಲಿ. ಬಾಗಲಕೋಟೆಯ ಹೋಳಿ ಅಂದರೆ ದಿನಗಟ್ಟಲೆ ಹಲಗೆ ಸಪ್ಪಳ, ಬಣ್ಣದಾಟ. ಹೊಸ ಮನೆಗೆ ಬಂದ ಬೆಕ್ಕಿಗೆ ಅದು ತಡೆಯಲಾರದ ಗದ್ದಲ. ದೀಪಾವಳಿ ವಾರವೂ ಹಾಗೆಯೇ.

ಮೊದಲು ಒಂದೇ ಕೋಣೆ ಸಾಕು. ಅಜ್ಜಿಯ ಕೌದಿಯನ್ನು ಜೊತೆಗೇ ಕಳಿಸಿ, ದಯವಿಟ್ಟು ಒಗೆಯಬೇಡಿ. ಆ ಕೋಣೆಯಲ್ಲಿ ಗಂಗಿಗೆ ಪರಿಚಯದ್ದು ಅಂತ ಇರುವುದು ಆ ವಾಸನೆ ಒಂದೇ. ಉಸುಕಿನ ಟ್ರೇಯ ಅಂಚು ಗಿಡ್ಡಗಿರಲಿ, ಕಾಲು ನೋಯುವ ಬೆಕ್ಕು ಎತ್ತರದ್ದನ್ನು ದಾಟಲಾರದು. ನೀರನ್ನು ಎರಡು ಮೂರು ಕಡೆ ಇಡಲಿ. ಬೇಸಿಗೆಯಲ್ಲಿ ಶಹಾಬಾದ ಫರಸಿಯ ತಣ್ಣನೆಯ ನೆಲ ಅದಕ್ಕೆ ಹಿತ, ಚಳಿಗಾಲದಲ್ಲಿ ಅದೇ ನೆಲ ಸಂದು ಹಿಡಿಸುತ್ತದೆ. ಆಗ ಕೌದಿ ಬೇಕೇ ಬೇಕು.

ಮೊದಲ ದಿನಗಳಲ್ಲಿ ಮಂಚದ ಕೆಳಗೆ ಸೇರಿಕೊಂಡರೆ ಎಳೆಯಬಾರದು. ಕೂತು ಮೆಲ್ಲಗೆ ಮಾತಾಡಲಿ, ತಟ್ಟೆ ಇಟ್ಟು ಹೊರಗೆ ಬರಲಿ. ರಾತ್ರಿ ಮನೆಯವರು ಮಲಗಿದ ಮೇಲೆ ಎದ್ದು ತಿನ್ನುತ್ತದೆ. ಒಂದು ಇಡೀ ದಿನ ಏನೂ ತಿನ್ನದಿದ್ದರೆ ಮಾತ್ರ ವೈದ್ಯರಿಗೆ ಫೋನ್ ಮಾಡಬೇಕು. ಎರಡು ಮೂರು ದಿನ ಉಪವಾಸ ಬಿದ್ದ ಬೆಕ್ಕಿಗೆ, ಅದರಲ್ಲೂ ಮೈ ತುಂಬಿಕೊಂಡಿರುವ ಬೆಕ್ಕಿಗೆ, ಯಕೃತ್ತಿನಲ್ಲಿ ಕೊಬ್ಬು ಸೇರಿ ಜೀವಕ್ಕೇ ಕುತ್ತು ಬರುತ್ತದೆ. ಒಂದು ತಿಂಗಳಾದರೂ ಹೊರಗೆ ಬಿಡಬಾರದು. ಬಿಟ್ಟರೆ ಹಳೆಯ ಮನೆ ಹುಡುಕಿಕೊಂಡು ಹೊರಡುತ್ತದೆ.

ಹೊಂದಿಕೊಳ್ಳಲು ಎಷ್ಟು ದಿನ ಬೇಕು ಅಂತ ಎಲ್ಲರೂ ಕೇಳುತ್ತಾರೆ. ಆಲಮಟ್ಟಿಯ ಹಿನ್ನೀರಿಗೆ ಮನೆ ಬಿಟ್ಟುಕೊಟ್ಟು ಹಳೇ ಬಾಗಲಕೋಟೆಯಿಂದ ನಿಮ್ಮ ನವನಗರಕ್ಕೆ ಬಂದ ಹಿರಿಯರನ್ನು ಕೇಳಿ ನೋಡಿ. ರಸ್ತೆ ಅಗಲ ಇದ್ದ ಮಾತ್ರಕ್ಕೆ ಮನಸ್ಸು ಕೂಡಲೇ ಇಲ್ಲಿ ನೆಲೆ ನಿಲ್ಲಲಿಲ್ಲ ಅನ್ನುತ್ತಾರೆ. ಗಂಗಿಗೂ ಸಮಯ ಕೊಡಲಿ. ಮೂರು ವಾರದಲ್ಲಿ ಮನೆಯ ಸಮಯ, ಸಪ್ಪಳ ತಿಳಿಯುತ್ತದೆ. ಪೂರ್ತಿ ನಂಬಲು ಮೂರು ತಿಂಗಳಾದರೂ ಆಗಬಹುದು. ಹದಿನೈದು ದಿನಕ್ಕೇ ತೊಡೆ ಮೇಲೆ ಬರಲಿಲ್ಲ ಅಂತ ಬೇಸರ ಪಡುವವರಿಗೆ ಇದನ್ನು ಮೊದಲೇ ಹೇಳಿಡಿ.

ಇನ್ನು ಆ ಮಕ್ಕಳ ಮೇಲಿನ ಸಿಟ್ಟು. ಅದು ನನಗೆ ಅರ್ಥವಾಗುತ್ತದೆ. ಆದರೆ ಅವರು ಗಂಗಿಯನ್ನು ಗೋಣಿಚೀಲದಲ್ಲಿ ಕಟ್ಟಿ ಸಂತೆಯಲ್ಲಿ ಬಿಟ್ಟು ಹೋಗಲಿಲ್ಲ. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಯಿಂದ ನರಳುವಂತೆ ಕೈಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ. ಆದರೂ ಹಾಗೆ ಮಾಡುವವರನ್ನು ನೀವೂ ನೋಡಿದ್ದೀರಿ, ನಾನೂ ನೋಡಿದ್ದೇನೆ. ಇವರು ಶೆಲ್ಟರ್‌ಗೆ ತಂದರು, ಕೌದಿಯನ್ನೂ ತಂದರು. ಕೌದಿ ತರಬೇಕು ಅನ್ನುವುದು ಆ ಮನೆಯಲ್ಲಿ ಯಾರಿಗೋ ಹೊಳೆದಿದೆ. ಅವರಿಗೆ ಒಂದು ಫೋನ್ ಮಾಡಿ. ಅಜ್ಜಿ ಅದಕ್ಕೆ ಏನು ಹಾಕುತ್ತಿದ್ದರು, ಎಷ್ಟು ಹೊತ್ತಿಗೆ, ಯಾವ ದನಿಯಲ್ಲಿ ಕರೆಯುತ್ತಿದ್ದರು, ಹಿಂದೆ ಯಾವ ಕಾಯಿಲೆ ಆಗಿತ್ತು, ಎಲ್ಲಿ ಕೆರೆದರೆ ಅದಕ್ಕೆ ಇಷ್ಟ, ಎಲ್ಲ ಕೇಳಿ ಬರೆದುಕೊಳ್ಳಿ. ಹೊಸ ಮನೆಯವರಿಗೆ ಆ ಹಾಳೆ ಬಹಳ ಉಪಯೋಗಕ್ಕೆ ಬರುತ್ತದೆ.

ಮುಂದಿನ ಸಂಚಿಕೆಯಲ್ಲಿ ಗಂಗಿಗೆ ನಾವು ಜಾಗ ಕೊಡುತ್ತೇವೆ. ಅದಕ್ಕೆ ಹಣ ಬೇಡ. ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ನೀವೂ ನೆಲದ ಮೇಲೆ ಕೂತು ಅದರ ಕಣ್ಣಿನ ಮಟ್ಟದಲ್ಲಿ ಒಂದು ಫೋಟೊ ತೆಗೆಯಿರಿ. ಗೂಡಿನ ಸರಳು ಕಾಣಬಾರದು. ಕೆಳಗೆ ಆರೇಳು ಸಾಲು ಸಾಕು. ಪಾಪ, ಅನಾಥ ಅಂತೆಲ್ಲ ಬೇಡ. ವಯಸ್ಸು 11 ಅಂತ ಮೊದಲ ಸಾಲು. ಆಮೇಲೆ ಅದರ ದಿನಚರಿ, ವೈದ್ಯರು ಹೇಳಿದ್ದು, ಅದಕ್ಕೆ ಎಂಥ ಮನೆ ಬೇಕು, ಶೆಲ್ಟರ್ ಏನು ಬರೆದುಕೊಡುತ್ತದೆ ಅನ್ನುವುದು. ಒಯ್ಯಲು ಬಂದವರನ್ನು ಮೊದಲ ದಿನವೇ ಕಳಿಸದೆ, ಅರ್ಧ ತಾಸು ಗಂಗಿಯ ಹತ್ತಿರ ಕೂರಿಸಿ, ಒಮ್ಮೆ ನೀವೂ ಅವರ ಮನೆ ನೋಡಿ ಬನ್ನಿ. ಫೋಟೊ ಮತ್ತು ಬರಹ ಈ ತಿಂಗಳ 20ರೊಳಗೆ ನಮ್ಮ ಕಚೇರಿಗೆ ತಲುಪಲಿ.

– ಸಂಪಾದಕ