ಸೂಜಿ ಹಾಕ್ಲಿಲ್ಲ ಅನ್ನೋ ಸಿಟ್ಟಿಗೆ

ತಿಪಟೂರು ಕಡೆಯ ಓದುಗರೊಬ್ರು ಬರ್ದಿದಾರೆ: ಅಟ್ಟದಿಂದ ಕೊಬ್ಬರಿ ಇಳಿಸೋವಾಗ ಏಣಿ ಜಾರಿ ತಮ್ಮನ ಮುಂಗೈ ಮುರೀತು, ತುಮಕೂರಿಗೆ ಕರ್ಕೊಂಡು ಹೋದ್ರೆ ಎಮರ್ಜೆನ್ಸೀಲಿ ಕೈಗೆ ಪಟ್ಟಿ ಕಟ್ಟಿ, ಒಂದು ಐಬುಪ್ರೊಫೆನ್ನು, ಒಂದು ಪ್ಯಾರಾಸಿಟಮಾಲು ಒಟ್ಟಿಗೆ ನುಂಗ್ಸಿ ಕೂರ್ಸಿದ್ರು, ಒಂದು ಸೂಜಿನೂ ಹಾಕ್ಲಿಲ್ಲ, ಬಡವರು ಅಂತ ತಾನೆ ಈ ತಾತ್ಸಾರ?

ಸ್ವಾಮಿ, ತಮ್ಮ ಒದ್ದಾಡ್ತಿರೋದು ನೋಡ್ತಾ ಕೂತೋರಿಗೆ ಸಿಟ್ಟು ಬರದೇ ಇರಲ್ಲ. ತೊಡೆ ಮೂಳೆ ಮುರಿದೋರಿಗೆ, ಮೈಯೆಲ್ಲ ಜಜ್ಜಿಹೋದೋರಿಗೆ ಮಾತ್ರೆ ಸಾಲಲ್ಲ, ಇಂಜೆಕ್ಷನ್ನೇ ಬೇಕು, ಒಪ್ದೆ. ಆದ್ರೆ ನಿಮ್ಮ ತಮ್ಮನ ವಿಷಯದಲ್ಲಿ ನಾನು ಆ ಡಾಕ್ಟ್ರ ಪರ.

2017ರಲ್ಲಿ ಅಚ್ಚಾದ ಒಂದು ಅಧ್ಯಯನದಲ್ಲಿ, ನ್ಯೂಯಾರ್ಕಿನ ಎಮರ್ಜೆನ್ಸೀಲಿ ಕೈಕಾಲು ನೋವಂತ ಬಂದ 416 ಜನರನ್ನ ನಾಲ್ಕು ಗುಂಪು ಮಾಡಿ, ಒಂದು ಗುಂಪಿಗೆ 400 ಮಿಲಿಗ್ರಾಂ ಐಬುಪ್ರೊಫೆನ್ ಜೊತೆ 1000 ಮಿಲಿಗ್ರಾಂ ಪ್ಯಾರಾಸಿಟಮಾಲ್, ಮಿಕ್ಕ ಮೂರಕ್ಕೆ ಅಫೀಮು ಜಾತಿಯ ಔಷಧಿ ಸೇರಿದ ಮಾತ್ರೆ ಕೊಟ್ಟು ನೋಡಿದ್ರು, ಎರಡು ಗಂಟೆ ಆದ್ಮೇಲೆ ಕೇಳಿದ್ರೆ ನೋವು ಇಳಿದಿದ್ರಲ್ಲಿ ಹೇಳ್ಕೊಳ್ಳೋ ಅಂಥ ವ್ಯತ್ಯಾಸವೇ ಇಲ್ಲ. ಐಬುಪ್ರೊಫೆನ್ ಏಟು ಬಿದ್ದ ಜಾಗದ ಊತ, ಉರಿ ಕಡಿಮೆ ಮಾಡುತ್ತೆ, ಪ್ಯಾರಾಸಿಟಮಾಲ್ ಹೆಚ್ಚಾಗಿ ಮಿದುಳಿನ ಕಡೆ ಕೆಲಸ ಮಾಡುತ್ತೆ, ದಾರಿ ಬೇರೆ ಬೇರೆ ಆಗಿರೋದ್ರಿಂದಲೇ ಜೋಡಿ ಹೊಂದುತ್ತೆ. ಐಬುಪ್ರೊಫೆನ್ ಮೇಲೆ ಡೈಕ್ಲೋಫೆನಾಕ್ ಹಾಕಿದ್ರೆ ಎರಡೂ ಒಂದೇ ಜಾತಿ, ನೋವು ಹೆಚ್ಚೇನೂ ಇಳಿಯಲ್ಲ, ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ ಮಾತ್ರ ಹತ್ತಿರ ಆಗುತ್ತೆ. ನೀವು ಕೇಳ್ತಿರೋ ‘ಸೂಜಿ’ ನಮ್ಮೂರುಗಳಲ್ಲಿ ಬಹಳ ಸಲ ಈ ಡೈಕ್ಲೋಫೆನಾಕ್ಕೇ!

ನನಗೆ ಸಿಟ್ಟು ಬರೋದು ಬೇರೆ ಕಡೆ. ನಮ್ಮ ಭಾವ ಶಿರಾ ಹತ್ರ ಬೈಕಿಂದ ಬಿದ್ದಾಗ ಒಂದು ಆಸ್ಪತ್ರೇಲಿ, ಎಕ್ಸ್‌ರೇ ಆಗೋ ತನಕ ನೋವಿಗೆ ಏನೂ ಕೊಡಂಗಿಲ್ಲ, ಕೊಟ್ರೆ ಎಲ್ಲಿ ಮುರಿದಿದೆ ಗೊತ್ತಾಗಲ್ಲ ಅಂತ ಬೆಂಚಿನ ಮೇಲೆ ಕೂರ್ಸಿದ್ರು. ನೋವು ಇಳಿಸಿಬಿಟ್ರೆ ಎಕ್ಸ್‌ರೇಲಿ ಮೂಳೆ ಕೂಡ್ಕೊಂಡಿರುತ್ತಾ? ‘ಗಂಡಸು, ತಡ್ಕೋ’ ಅಂತ ನರ್ಸಮ್ಮನ ಉಪದೇಶ ಬೇರೆ. ಇನ್ನು ನಿಜವಾಗ್ಲೂ ಮಾರ್ಫಿನ್, ಅಂದ್ರೆ ಅಫೀಮಿಂದ ತೆಗೆಯೋ ಬಲವಾದ ನೋವಿನ ಔಷಧಿ, ಬೇಕಾದೋರ ಗತಿ ಕೇಳ್ಬೇಡಿ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದಲ್ಲಿ ಸರ್ಕಾರದ ಲೈಸೆನ್ಸಲ್ಲೇ ಅಫೀಮು ಬೆಳೀತಾರೆ, ಮಾದಕ ವಸ್ತುಗಳ ಮೇಲಿನ 1985ರ ಕಾನೂನನ್ನ 2014ರಲ್ಲಿ ಸಡಿಲ ಮಾಡಿದ್ದೂ ಆಯ್ತು, ಆದ್ರೂ ತಾಲ್ಲೂಕು ಕಡೆ ಮಾರ್ಫಿನ್ ಅಂದ್ರೆ ಎಷ್ಟೋ ಜನ ಪೊಲೀಸ್ ಕೇಸು ಅನ್ನೋ ಥರ ಬೆಚ್ಚಿಬೀಳ್ತಾರೆ. ಇದಕ್ಕೆ ಪತ್ರ ಬರೀರಿ, ಪೂರ್ತಿ ಪುಟ ಕೊಡ್ತೀನಿ.

ಆ ಡಾಕ್ಟ್ರ ತಪ್ಪೇನಂದ್ರೆ, ಯಾಕೆ ಎರಡು ಮಾತ್ರೆ ಅಂತ ಎರಡು ಮಾತು ಹೇಳದೇ ಹೋದದ್ದು. ಈಗ ನೀವು ಮೆಡಿಕಲ್ ಸ್ಟೋರಿಂದ ಕಾಂಬಿಫ್ಲಾಮ್ ತಂದು ಅದರ ಮೇಲೆ ಕೊಡ್ತಿದೀರಂತೆ. ಅದರೊಳಗೂ ಐಬುಪ್ರೊಫೆನ್ 400, ಪ್ಯಾರಾಸಿಟಮಾಲ್ 325 ಇದೆ ಕಣ್ರೀ. ಪ್ಯಾರಾಸಿಟಮಾಲು ದೊಡ್ಡೋರಿಗೂ ದಿನಕ್ಕೆ 4 ಗ್ರಾಂ ದಾಟಂಗಿಲ್ಲ, ಲಿವರ್ ಕೆಡುತ್ತೆ. ಇವತ್ತೇ ಅದನ್ನ ನಿಲ್ಸಿ, ಚೀಟಿ ಹಿಡ್ಕೊಂಡು ಅದೇ ಡಾಕ್ಟ್ರನ್ನ ಹೋಗಿ ಕೇಳಿ.

— ಸಂ.